ಆರನೇ ತಿಂಗಳಲ್ಲಿ ಬನ್ನಿ

ಯುವಜನ ಸಂಘದ ಮಕ್ಕಳೇ,

ನಮ್ಮ ಸಭೆಯ ಆ ಮನೆಯ ಹುಡುಗನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ಸಂಜೆಗೇ ನೀವು ವಾಟ್ಸಾಪ್ ಗುಂಪು ಕಟ್ಟಿದಿರಿ. ಎರಡು ದಿನ ಕಳೆಯುವಷ್ಟರಲ್ಲಿ ಆಸ್ಪತ್ರೆಯ ಮೆಟ್ಟಿಲಲ್ಲಿ ನಿಲ್ಲಲು ಜಾಗವಿರಲಿಲ್ಲ. ಒಬ್ಬರ ಕೈಯಲ್ಲಿ ಹಾರ್ಲಿಕ್ಸ್, ಇನ್ನೊಬ್ಬರ ಕೈಯಲ್ಲಿ ಸೇಬು, ಮತ್ತೊಬ್ಬರ ಕೈಯಲ್ಲಿ ಬಲೂನು. ರಕ್ತ ಕೊಡುತ್ತೇವೆಂದು ಬಂದವರ ಬೈಕುಗಳಿಗೆ ಗೇಟಿನ ಹತ್ತಿರ ಸೆಕ್ಯೂರಿಟಿಯವನು ಬೈದದ್ದೂ ಕೇಳಿದೆ. ನಿಮ್ಮ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಯುಷ್ಯದ ಬಹುಪಾಲನ್ನು ವಾರ್ಡುಗಳಲ್ಲಿ ನರ್ಸಾಗಿ ಕಳೆದವಳು ನಾನು. ಇಂಥ ಮೊದಲ ವಾರಗಳನ್ನು ಬೇಕಾದಷ್ಟು ನೋಡಿದ್ದೇನೆ, ಆರನೇ ತಿಂಗಳುಗಳನ್ನೂ ನೋಡಿದ್ದೇನೆ. ಆರನೇ ತಿಂಗಳಲ್ಲಿ ಅದೇ ಮೆಟ್ಟಿಲ ಮೇಲೆ ತಾಯಿ ಒಬ್ಬಳೇ ಕೂತಿರುತ್ತಾಳೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ ಎಂಥದ್ದೆಂದು ತಿಳಿದುಕೊಳ್ಳಿ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವುದು ಲ್ಯುಕೇಮಿಯ. ಅದರಲ್ಲೂ ಈ ಹುಡುಗನಿಗೆ ಬಂದಿರುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಎಂಬ ಬಗೆಯೇ ಹೆಚ್ಚು. ಇದು ಗುಣವಾಗದ ಕಾಯಿಲೆಯಲ್ಲ. ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರೆ. ಔಷಧಗಳೇನೂ ಆ ದೇಶಗಳಿಗೆ ಮಾತ್ರ ಸೇರಿದ್ದಲ್ಲ, ಬಹುತೇಕ ನಮ್ಮಲ್ಲೂ ಸಿಗುತ್ತವೆ. ಆದರೂ ನಮ್ಮ ಮಕ್ಕಳು ಅಷ್ಟು ಸಂಖ್ಯೆಯಲ್ಲಿ ಉಳಿಯುವುದಿಲ್ಲ. ಕಾರಣ ಹಲವು: ತಡವಾಗಿ ಬರುವುದು, ನಡುವೆ ತಗಲುವ ಸೋಂಕು. ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಇನ್ನೊಂದು ಕಾರಣ. ಅರ್ಧದಲ್ಲಿ ಚಿಕಿತ್ಸೆ ಬಿಟ್ಟುಹೋಗುವುದು.

ಯಾಕೆ ಬಿಡುತ್ತಾರೆ? ಮಗುವಿನ ಮೇಲೆ ಪ್ರೀತಿಯಿಲ್ಲದೆ ಅಲ್ಲ. ಈ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ನಾಲ್ಕು ವಾರ ಕಟುವಾದ ಔಷಧ. ಅದರ ಕೊನೆಗೆ ಪರೀಕ್ಷೆ ಮಾಡಿದರೆ ಹೆಚ್ಚಿನ ಮಕ್ಕಳ ರಕ್ತದಲ್ಲಿ ಕ್ಯಾನ್ಸರಿನ ಕಣ ಕಾಣುವುದಿಲ್ಲ. ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ, ಅಡಗಿರುತ್ತದೆ. ಅದಕ್ಕಾಗಿ ಮತ್ತೆ ಹಲವು ತಿಂಗಳು ಸೂಜಿ, ಬೆನ್ನುಮೂಳೆಯ ನಡುವಿನ ದ್ರವಕ್ಕೂ ಔಷಧ. ಆಮೇಲೆ ವರ್ಷಗಟ್ಟಲೆ ದಿನವೂ ಮಾತ್ರೆ, ಆಗಾಗ ರಕ್ತಪರೀಕ್ಷೆ. ಈ ಕೊನೆಯ ಹಂತದಲ್ಲಿ ಹುಡುಗನ ತಲೆಯಲ್ಲಿ ಕೂದಲು ಮತ್ತೆ ಬಂದಿರುತ್ತದೆ, ಕೆನ್ನೆ ತುಂಬಿರುತ್ತದೆ, ಅಂಗಳದಲ್ಲಿ ಆಡುತ್ತಿರುತ್ತಾನೆ. ನೋಡಿದವರೆಲ್ಲ ‘ದೇವರ ದಯೆ, ಗುಣವಾಯಿತು’ ಎನ್ನುತ್ತಾರೆ. ಅಷ್ಟರಲ್ಲಿ ಅಪ್ಪನ ಕೈ ಬರಿದಾಗಿರುತ್ತದೆ, ಅಮ್ಮನ ಬಳೆ ಅಡವಿಗೆ ಹೋಗಿರುತ್ತದೆ. ‘ಈ ತಿಂಗಳು ಹೋಗದಿದ್ದರೆ ಏನಾಗುತ್ತದೆ’ ಎಂಬ ಯೋಚನೆ ಬರುವುದು ಆಗ. ಅಂಥ ಹೊತ್ತಿನಲ್ಲಿ ಬಸ್ಸಿನ ಹಣ ಹಿಡಿದುಕೊಂಡು, ‘ನಾಳೆ ಬೆಳಿಗ್ಗೆ ನಾನೂ ಬರುತ್ತೇನೆ’ ಎಂದು ಬಾಗಿಲಲ್ಲಿ ನಿಲ್ಲುವವನು ಮೊದಲ ವಾರದ ಬುಟ್ಟಿ ಸೇಬಿಗಿಂತ ದೊಡ್ಡ ಕೆಲಸ ಮಾಡುತ್ತಾನೆ.

ಒಳ್ಳೆಯ ಸಮಾರ್ಯದವನ ಕತೆ ನಿಮಗೆ ಸಂಡೇ ಸ್ಕೂಲಿನಿಂದ ಗೊತ್ತು. ಗಾಯಕ್ಕೆ ಎಣ್ಣೆ ಹೊಯ್ದದ್ದು, ತನ್ನ ಕತ್ತೆಯ ಮೇಲೆ ಕೂರಿಸಿದ್ದು, ನಾಟಕದಲ್ಲಿ ನೀವೆಲ್ಲ ಮಾಡಿ ತೋರಿಸಿದ್ದೂ ಅಷ್ಟೇ. ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಮರುದಿನ ಅವನು ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ತೀರಿಸುತ್ತೇನೆಂದು ಹೇಳುತ್ತಾನೆ, ತನ್ನ ಕೆಲಸಕ್ಕೆ ಹೊರಡುತ್ತಾನೆ. ಕೆಲಸ ಬಿಟ್ಟು ಅಲ್ಲೇ ಕೂರಲಿಲ್ಲ, ಕೊಟ್ಟು ಕೈತೊಳೆದುಕೊಳ್ಳಲೂ ಇಲ್ಲ. ನಡುವೆ ಒಂದು ವ್ಯವಸ್ಥೆ ಮಾಡಿದ. ನನ್ನ ಮಟ್ಟಿಗೆ ಆ ಕತೆಯ ಸಾರವೆಲ್ಲ ಎಣ್ಣೆಗಿಂತ ಹೆಚ್ಚಾಗಿ ಆ ‘ತಿರುಗಿ ಬರುವಾಗ’ ಎಂಬುದರಲ್ಲಿದೆ.

ನಿಮ್ಮಿಂದ ನಾನು ಕೇಳುವುದೂ ವ್ಯವಸ್ಥೆಯನ್ನೇ.

ರಕ್ತದಿಂದ ಶುರುಮಾಡೋಣ. ಮೊದಲ ದಿನ ನೀವು ಅಷ್ಟೂ ಮಂದಿ ಒಟ್ಟಿಗೆ ಹೋದಿರಲ್ಲ, ಅದು ಉಪಯೋಗಕ್ಕೆ ಬಂದದ್ದು ಸ್ವಲ್ಪವೇ. ಈ ಚಿಕಿತ್ಸೆಯಲ್ಲಿ ಹುಡುಗನಿಗೆ ಮತ್ತೆ ಮತ್ತೆ ಪ್ಲೇಟ್‌ಲೆಟ್ ಬೇಕಾಗುತ್ತದೆ, ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ. ಫ್ರಿಜ್ಜಿನಲ್ಲೂ ಇಡುವಂತಿಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಲೇ ಇರಬೇಕು. ಒಮ್ಮೆ ರಕ್ತ ಕೊಟ್ಟ ಗಂಡಸು ಮತ್ತೆ ಕೊಡಲು 90 ದಿನ ಕಾಯಬೇಕು, ಹೆಂಗಸಾದರೆ 120 ದಿನ. ಎಲ್ಲರೂ ಒಂದೇ ದಿನ ಕೊಟ್ಟುಬಿಟ್ಟರೆ ಮುಂದಿನ ತಿಂಗಳು ರಾತ್ರಿ ಫೋನ್ ಬಂದಾಗ ಕೊಡಲು ಯಾರಿದ್ದಾರೆ? ಒಂದೇ ರಾತ್ರಿ ಸುರಿದ ಮಳೆ ತೋಡು ತುಂಬಿ ಸಮುದ್ರಕ್ಕೆ ಹೋಗುತ್ತದೆ, ಬಾವಿಗೆ ಇಳಿಯುವುದಿಲ್ಲ. ಆದ್ದರಿಂದ ಪಟ್ಟಿ ಮಾಡಿ: ಹೆಸರು, ರಕ್ತದ ಗುಂಪು, ಕೊನೆಯ ಸಲ ಕೊಟ್ಟ ತಾರೀಕು. 18 ವರ್ಷ ತುಂಬಿರಬೇಕು, ತೂಕ 45 ಕಿಲೋ ಮೇಲಿರಬೇಕು. ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ಕೊಡುವವರಿಗೆ ಅಷ್ಟು ದಿನ ಕಾಯುವ ಅಗತ್ಯವಿಲ್ಲ, ಆದರೆ ಅದಕ್ಕೆ ಒಂದೆರಡು ಗಂಟೆ ಕೂರಬೇಕು, ಕೈಯ ನರ ಚೆನ್ನಾಗಿರಬೇಕು. ಅಂಥವರನ್ನು ಬೇರೆ ಗುರುತು ಹಾಕಿ. ‘ಮಾವನ ರಕ್ತವೇ ಆಗಬೇಕು, ನಮ್ಮದೇ ರಕ್ತ’ ಎಂದು ಆ ಮನೆಯ ಹಿರಿಯರೊಬ್ಬರು ಹಟ ಹಿಡಿದರಂತೆ. ಅವರಿಗೆ ಮೆಲ್ಲಗೆ ತಿಳಿಸಿ. ರಕ್ತಸಂಬಂಧಿಯ ರಕ್ತವನ್ನು ಇಂಥ ಮಗುವಿಗೆ ವಿಕಿರಣಕ್ಕೆ ಒಡ್ಡದೆ ಕೊಟ್ಟರೆ ಅಪಾಯವಾಗಬಹುದು. ಈ ವಿಷಯದಲ್ಲಿ ಸಂಬಂಧವಿಲ್ಲದವನೇ ಹೆಚ್ಚು ಹತ್ತಿರದವನು.

ಭೇಟಿಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಸರ ಮಾಡಬೇಡಿ. ಔಷಧ ನಡೆಯುವಾಗ ಹುಡುಗನ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ ತೀರ ಕಡಿಮೆಯಾಗುತ್ತದೆ. ನಿಮಗೆ ಬರೀ ನೆಗಡಿಯಾದದ್ದು ಅವನನ್ನು ಐಸಿಯುಗೆ ಕಳಿಸಬಹುದು. ಮಂಚದ ಸುತ್ತ ಇಪ್ಪತ್ತು ಮಂದಿ ನಿಂತು ಕೈ ಹಿಡಿದು ಪ್ರಾರ್ಥನೆ ಮಾಡುವುದು ಬೇಡ. ಅಂಗಳದಲ್ಲಿ ನಿಂತು ಮಾಡಿ, ನಿಮ್ಮ ಮನೆಯಲ್ಲಿ ಮಾಡಿ, ಆರಾಧನೆಯಲ್ಲಿ ಮಾಡಿ, ದೇವರಿಗೆ ಕೇಳಿಸುತ್ತದೆ. ಹೂವಿನ ಗುಚ್ಛ, ಕತ್ತರಿಸಿದ ಹಣ್ಣು, ಬೇಕರಿಯ ಕ್ರೀಮ್ ಕೇಕ್ ಬೇಡ. ನಿಮ್ಮ ಮನೆಯ ಮಗುವಿಗೋ ಅವನ ತರಗತಿಯ ಮಗುವಿಗೋ ಸೀತಾಳೆ ಸಿಡುಬು ಆದರೆ ತಕ್ಷಣ ಆ ತಾಯಿಗೆ ಫೋನ್ ಮಾಡಿ ತಿಳಿಸಿ, ಮುಚ್ಚಿಡಬೇಡಿ. ಇದು ಎಷ್ಟೋ ಕೀರ್ತನೆಗಳಿಗೆ ಸಮ.

ಇದಕ್ಕೆ ತಿರುಗಾ ಒಂದು ಮಾತು. ಸೋಂಕು ನಮ್ಮಿಂದ ಅವನಿಗೆ ತಗಲುತ್ತದೆಯೇ ಹೊರತು ಅವನ ಕ್ಯಾನ್ಸರ್ ನಮಗೆ ತಗಲುವುದಿಲ್ಲ. ಅವರ ಮನೆಯ ಲೋಟ ಬೇರೆ ಇಡುವವರು, ಮಗಳ ಸಂಬಂಧಕ್ಕೆ ಇದರಿಂದ ಅಡ್ಡಿಯಾದೀತೆಂದು ಪಿಸುಗುಟ್ಟುವವರು ನಮ್ಮಲ್ಲೂ ಇದ್ದಾರೆ. ಅವರ ಬಾಯಿ ನಿಮ್ಮಂಥ ಎಳೆಯರೇ ಮುಚ್ಚಿಸಬೇಕು, ನನ್ನಂಥ ಮುದುಕಿಯರ ಮಾತಿಗೆ ಅವರು ಅಂಜುವುದಿಲ್ಲ.

ಜ್ವರದ ವಿಷಯ ಬೇರೆಯೇ ಹೇಳಬೇಕು. ನಮ್ಮ ಮನೆಗಳಲ್ಲಿ ಮಗುವಿಗೆ ಜ್ವರ ಬಂದರೆ ಕಷಾಯ ಕೊಟ್ಟು ಬೆಳಗಾಗಲಿ ಎನ್ನುತ್ತೇವೆ. ಈ ಹುಡುಗನಿಗೆ 100.4 ಡಿಗ್ರಿ ದಾಟಿತೆಂದರೆ ಬೆಳಗಿಗೆ ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು, ಹೋದ ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಹೋಗಬೇಕು. ರಾತ್ರಿ ಎರಡಕ್ಕೆ, ಆಟಿ ತಿಂಗಳ ಮಳೆಯಲ್ಲಿ, ಅವರ ಮನೆಯಿಂದ ಯಾರ ಕಾರು ಹೊರಡುತ್ತದೆ? ಅಪ್ಪನ ಬೈಕಿನಲ್ಲಿ ಜ್ವರದ ಮಗುವನ್ನು ಕೂರಿಸಿಕೊಂಡು ಹೋಗುವುದೇ? ಸಭೆಯಲ್ಲಿ ಕಾರು ಇರುವವರು ಎಷ್ಟು ಮಂದಿ ಎಂದು ಆದಿತ್ಯವಾರ ಕಾಂಪೌಂಡಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ವಾರಕ್ಕೊಬ್ಬರಂತೆ ಪಾಳಿ ಹಾಕಿ. ಆ ವಾರ ಪಾಳಿಯವರು ಊರು ಬಿಡಬಾರದು, ಫೋನ್ ಸೈಲೆಂಟಿನಲ್ಲಿ ಇಡಬಾರದು, ಟ್ಯಾಂಕಿನಲ್ಲಿ ಪೆಟ್ರೋಲ್ ಇರಬೇಕು. ಒಂದು ಒಳ್ಳೆಯ ಥರ್ಮಾಮೀಟರನ್ನೂ ಕೊಂಡುಕೊಡಿ. ಅಷ್ಟೊಂದು ಹಾರ್ಲಿಕ್ಸ್ ಬಂದ ಆ ಮನೆಗೆ ಯಾರೂ ಇದನ್ನು ತಂದುಕೊಟ್ಟಿಲ್ಲ.

ಊಟ ಕೊಡುವುದನ್ನು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಎರಡು ವಿಷಯ. ‘ಏನಾದರೂ ಬೇಕಾದರೆ ಹೇಳಿ’ ಎಂದು ಯಾರೂ ಹೇಳಬೇಡಿ, ಮಾನವಂತರು ಹೇಳುವುದಿಲ್ಲ. ‘ಮಂಗಳವಾರ, ಶುಕ್ರವಾರ ರಾತ್ರಿಯೂಟ ನಮ್ಮ ಮನೆಯಿಂದ’ ಎಂದು ಹೇಳಿ, ಹಾಗೆಯೇ ಮಾಡಿ. ಬಿಸಿಬಿಸಿ ಗಂಜಿ, ಗಟ್ಟಿ ಬೇಯಿಸಿದ ಮೊಟ್ಟೆ, ಪಲ್ಯ ಸಾಕು. ಕ್ಯಾರಿಯರ್ ತೊಳೆದು ವಾಪಸು ಕೊಡುವ ಹೊರೆ ಆ ತಾಯಿಯ ಮೇಲೆ ಬೀಳಬಾರದು, ನೀವೇ ಹೋಗಿ ತನ್ನಿ. ಸ್ಟೀರಾಯ್ಡ್ ತೆಗೆದುಕೊಳ್ಳುವ ದಿನಗಳಲ್ಲಿ ಹುಡುಗನಿಗೆ ವಿಪರೀತ ಹಸಿವು, ಸಿಟ್ಟು. ರಾತ್ರಿ ಹನ್ನೊಂದಕ್ಕೆ ಎದ್ದು ದೋಸೆ ಬೇಕೆಂದು ಅಳುತ್ತಾನೆ. ‘ಎಂಥ ಹಟ ಮಾರಾಯ್ತಿ ನಿನ್ನ ಮಗನದ್ದು’ ಎಂದು ನಗಬೇಡಿ. ಅದು ಔಷಧದ ಹಟ.

ಆ ಮನೆಯಲ್ಲಿ ಇನ್ನೊಂದು ಮಗುವಿದೆ. ಎಂಟನೇ ತರಗತಿಯ ಹುಡುಗಿ. ತಮ್ಮ ಮಲಗಿದ ದಿನದಿಂದ ಅವಳು ಅಜ್ಜಿಯ ಜೊತೆ. ಬಂದವರೆಲ್ಲ ತಮ್ಮನನ್ನು ವಿಚಾರಿಸುತ್ತಾರೆ, ಇವಳಿಗೆ ‘ಅಮ್ಮನಿಗೆ ಸಹಾಯ ಮಾಡು, ಹ್ಞಾಂ’ ಎಂದು ಬುದ್ಧಿ ಹೇಳಿ ಹೋಗುತ್ತಾರೆ. ನಿಮ್ಮಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರು ಯಾರಾದರೂ ವಾರಕ್ಕೆರಡು ಸಂಜೆ ಅವಳಿಗೆ ಗಣಿತ ಹೇಳಿಕೊಡಿ, ನೆಪ ಗಣಿತದ್ದಿರಲಿ. ಸಭೆಯ ಪಿಕ್ನಿಕ್ಕಿಗೆ ಅವಳನ್ನು ಬಿಟ್ಟು ಹೋಗಬೇಡಿ. ಅವಳ ಹುಟ್ಟುಹಬ್ಬ ಯಾವಾಗ ಎಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಈಗ ಹಣದ ಮಾತು. ಇಲ್ಲಿ ಎಲ್ಲಕ್ಕಿಂತ ಮೊದಲು ಸರ್ಕಾರದಿಂದ ಬರುವುದನ್ನು ಕೇಳಿ ಪಡೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ ಎಂಬ ಸಿಬ್ಬಂದಿ ಕೂರುತ್ತಾರೆ. ಬಿಲ್ಲು ಕಟ್ಟುವ ಮೊದಲೇ ಅವರನ್ನು ಕಾಣಬೇಕು, ಕಟ್ಟಿದ ಮೇಲೆ ಹೋದರೆ ಕೆಲಸ ಕಷ್ಟ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿದೆಯೇ, ಆಧಾರಿನಲ್ಲಿ ಕಾಗುಣಿತ ಸರಿಯಿದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂಬ ಓಡಾಟವೆಲ್ಲ ನಿಮ್ಮ ಕೆಲಸ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೂ ಜೊತೆಗೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅದು ಉಪಯೋಗಕ್ಕೆ ಬರುತ್ತದೆ. ಆ ಅಪ್ಪ ಅಮ್ಮನಿಗೆ ಡಾಕ್ಟರ ಮಾತು ತಲೆಗೆ ಇಳಿಸಿಕೊಳ್ಳುವುದೇ ಸಾಕಾಗಿದೆ, ಕೌಂಟರಿನ ಸಾಲಿನಲ್ಲಿ ನಿಮ್ಮ ಕಾಲು ನಿಲ್ಲಲಿ.

ಇಷ್ಟಾದರೂ ಯೋಜನೆ ಕೊಡುವುದು ಔಷಧದ ಹಣ. ಅಪ್ಪ ಕೆಲಸಕ್ಕೆ ಹೋಗದ ದಿನದ ಕೂಲಿ, ಅಮ್ಮ ಕಟ್ಟದ ಬೀಡಿಯ ಮಜೂರಿ, ಮನೆಬಾಡಿಗೆ, ಗ್ಯಾಸು, ಅಕ್ಕನ ಶಾಲೆಯ ಫೀಸು ಇವನ್ನು ಯಾವ ಕಾರ್ಡೂ ಕೊಡುವುದಿಲ್ಲ. ಕುಟುಂಬ ಮುಳುಗುವುದು ಇಲ್ಲಿಯೇ. ಒಂದು ಲೆಕ್ಕ ಹೇಳುತ್ತೇನೆ. ನಲವತ್ತು ಮನೆಯವರು ತಿಂಗಳಿಗೆ 200 ರೂಪಾಯಿ ಕೊಟ್ಟರೆ 8,000 ಆಗುತ್ತದೆ. ಒಂದು ಸಲ ಎರಡು ಲಕ್ಷ ಕೂಡಿಸಿ ಚೆಕ್ ಹಿಡಿದು ಫೋಟೋ ತೆಗೆಸಿಕೊಳ್ಳುವುದಕ್ಕಿಂತ, ಪ್ರತಿ ತಿಂಗಳು ಐದನೇ ತಾರೀಕಿಗೆ ತಪ್ಪದೆ ಬರುವ 8,000 ಆ ತಾಯಿಗೆ ಹೆಚ್ಚು ನಿದ್ದೆ ಕೊಡುತ್ತದೆ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಅಡುಗೆಗೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ತೆಗೆದಿಡುತ್ತಾರೆ, 1910ರಿಂದ ಈ ಪದ್ಧತಿ ನಡೆದಿದೆ. ಆ ಹಿಡಿ ಅಕ್ಕಿ ಮಾರಿ ಬಂದ ಹಣ ಅಲ್ಲಿನ ಸಭೆಯ ದೊಡ್ಡ ಆದಾಯಗಳಲ್ಲಿ ಒಂದು. ಅವರಲ್ಲಿ ಶ್ರೀಮಂತರು ಹೆಚ್ಚೆಂದು ಅಲ್ಲ, ನಿಲ್ಲಿಸಲಿಲ್ಲ, ಅಷ್ಟೇ.

ಕೊಟ್ಟ ಹಣಕ್ಕೆ ಲೆಕ್ಕ ಕೇಳಬೇಡಿ, ಕೂಡಿಸಿದ ಹಣಕ್ಕೆ ಲೆಕ್ಕ ಇಡಿ. ಇವೆರಡನ್ನು ಅದಲುಬದಲು ಮಾಡಿದಲ್ಲೆಲ್ಲ ಸಭೆಗಳಲ್ಲಿ ಜಗಳವಾಗಿದೆ. ಹಣ ಒಬ್ಬರ ಗೂಗಲ್ ಪೇಗೆ ಬರುವುದು ಬೇಡ. ಇಬ್ಬರ ಸಹಿಯ ಖಾತೆಯಲ್ಲಿರಲಿ, ತಿಂಗಳಿಗೊಮ್ಮೆ ಸಭಾಪಾಲಕರ ಮುಂದೆ ಪುಸ್ತಕ ಇಡಿ. ಆ ಕುಟುಂಬದ ಕೈಗೆ ಸೇರಿದ ಮೇಲೆ ಅದು ಅವರದ್ದು. ಆ ಅಪ್ಪ ಮಗನಿಗೆ ಒಂದು ಸೈಕಲ್ ತೆಗೆದುಕೊಟ್ಟನೆಂದು ನಾಳೆ ಯಾರಾದರೂ ಗೊಣಗಿದರೆ ನನ್ನ ಹತ್ತಿರ ಕಳಿಸಿ. ಕೊಡುವುದು ದಾನವೋ ಸಾಲವೋ ಎಂಬುದನ್ನೂ ಕೊಡುವಾಗಲೇ ಬಾಯಿ ಬಿಟ್ಟು ಹೇಳಿ. ಮೂಗಿಗೆ ನಳಿಗೆ ಹಾಕಿದ ಮಗುವಿನ ಫೋಟೋವನ್ನು ಸ್ಟೇಟಸ್ಸಿನಲ್ಲಿ ಹಾಕಿ ಹಣ ಕೇಳಬೇಡಿ. ಅವನು ಬದುಕಿ ದೊಡ್ಡವನಾಗಬೇಕಲ್ಲ, ಅಂದು ಅವನ ಕಾಲೇಜಿನ ಗೆಳೆಯರು ಅದನ್ನು ನೋಡಬೇಕೇ?

ನಮಗೆ ಈ ಕೆಲಸ ಹೊಸದಲ್ಲ ಎಂಬುದನ್ನೂ ತಿಳಿದಿರಿ. 1834ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದ ಮೇಲೆ ಸಭೆಗೆ ಸೇರಿದ ನಮ್ಮ ಹಿರಿಯರಲ್ಲಿ ಬಹಳ ಮಂದಿಗೆ ಮನೆಯ ಬಾಗಿಲು ಮುಚ್ಚಿತು, ದಾಯಾದಿಗಳು ದೂರವಾದರು. ಧರ್ಮ ಬಿಟ್ಟವನ ಆಸ್ತಿಯ ಹಕ್ಕು ಉಳಿಸುವ ಕಾಯಿದೆ ಬಂದದ್ದೇ 1850ರಲ್ಲಿ. ಕಸುಬು ಹೋದವರಿಗೆ ಮಿಶನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿತು. ಆದರೆ ಕಾಯಿಲೆ ಬಿದ್ದ ರಾತ್ರಿ ಪಕ್ಕದಲ್ಲಿ ಕೂರುವ ಅಣ್ಣತಮ್ಮಂದಿರನ್ನು ಕಾರ್ಖಾನೆ ಕೊಡುವುದಿಲ್ಲ. ಆ ಜಾಗದಲ್ಲಿ ಸಭೆ ಕೂತಿತು. ಉಡುಪಿಯಲ್ಲಿ 1923ರಲ್ಲಿ ಡಾ. ಇವಾ ಲೊಂಬಾರ್ಡ್ ಎಂಬಾಕೆ ಶುರುಮಾಡಿದ ಆಸ್ಪತ್ರೆ ಇಂದಿಗೂ ಇದೆ, ಅದರ ಬಾಗಿಲಲ್ಲಿ ಯಾರ ಜಾತಿ ಧರ್ಮವನ್ನೂ ಕೇಳಲಿಲ್ಲ. ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಮೊನ್ನೆ ರಾತ್ರಿ ಆ ಹುಡುಗನಿಗೆ ಪ್ಲೇಟ್‌ಲೆಟ್ ಕೊಟ್ಟವನು ಪಕ್ಕದ ಮನೆಯ ಶೆಟ್ರ ಮಗ. ಮಧ್ಯಾಹ್ನದ ಊಟ ತಂದದ್ದು ಎದುರುಮನೆಯ ಬ್ಯಾರಿ ಅಕ್ಕ. ನಾಳೆ ಅವರ ಮನೆಗೆ ಇಂಥದೇ ದಿನ ಬಂದರೆ, ನೀವು ಈಗ ಮಾಡುವ ಪಟ್ಟಿ ಅವರಿಗೂ ತೆರೆದಿರಬೇಕು. ಅಲ್ಲಿಗೆ ಹೋಗುವಾಗ ಕೈಯಲ್ಲಿ ಕ್ಯಾರಿಯರ್ ಇರಲಿ, ಕರಪತ್ರ ಬೇಡ.

ಬಾಯಿಯ ಬಗ್ಗೆ ಹೇಳದೆ ಮುಗಿಸಲಾರೆ. ಯೋಬನ ಸ್ನೇಹಿತರು ಬಂದು ಏಳು ದಿನ, ಏಳು ರಾತ್ರಿ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಕೆಟ್ಟರು. ಈ ಮನೆಗೂ ಅಂಥವರು ಬಂದಾಗಿದೆ. ಗುಪ್ತ ಪಾಪವಿರಬೇಕು ಎಂದರಂತೆ ಒಬ್ಬರು, ನಂಬಿಕೆ ಸಾಲದು ಎಂದರಂತೆ ಇನ್ನೊಬ್ಬರು. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದು ಯೇಸುಸ್ವಾಮಿ ಹೇಳಿದ್ದು ಯೋಹಾನನ ಒಂಬತ್ತನೇ ಅಧ್ಯಾಯದಲ್ಲಿದೆ. ಇವರು ಅದನ್ನು ಓದಿಲ್ಲವೋ ಏನೋ. ಪಾರ್ಶ್ವವಾಯು ಹಿಡಿದವನನ್ನು ನಾಲ್ವರು ಹೊತ್ತು ತಂದು, ಮಾಡು ಬಿಚ್ಚಿ ಇಳಿಸಿದರಲ್ಲ, ಅಲ್ಲಿ ಸ್ವಾಮಿ ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ಮಲಗಿದವನಿಗೆ ನಂಬಿಕೆ ಎಷ್ಟಿದೆಯೆಂದು ಅಳೆಯಲು ಹೋಗಲಿಲ್ಲ. ‘ಇನ್ನು ಮಾತ್ರೆ ಬೇಡ, ದೇವರು ಮುಟ್ಟಿದ್ದಾನೆ’ ಎಂದು ಯಾವ ಕೂಟದವರಾದರೂ ಬಂದು ಹೇಳಿದರೆ ನೀವು ನಯವಾಗಿ, ಆದರೆ ಖಡಾಖಂಡಿತವಾಗಿ ಅವರನ್ನು ಹೊರಗೆ ಕಳಿಸಿ. ಪ್ರಾರ್ಥನೆ ನಿಲ್ಲದಿರಲಿ, ಮಾತ್ರೆಯೂ ನಿಲ್ಲದಿರಲಿ. ಈ ಎರಡಕ್ಕೂ ಜಗಳವಿದೆಯೆಂದು ಅಷ್ಟು ವರ್ಷ ವಾರ್ಡಿನಲ್ಲಿದ್ದರೂ ನನಗೆ ಕಂಡಿಲ್ಲ.

ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ, ನೀವು ಮಕ್ಕಳಲ್ಲ. ಎಲ್ಲ ಸರಿಯಾಗಿ ಮಾಡಿದರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಹಾಗಾದರೆ ಶವಸಂಸ್ಕಾರದ ದಿನ ಸಭೆ ತುಂಬುತ್ತದೆ, ಅದು ನನಗೆ ಗೊತ್ತು. ಅದರ ಮರು ತಿಂಗಳ ಐದನೇ ತಾರೀಕಿಗೂ 8,000 ಹೋಗಬೇಕು. ಸಾಲ ಮಗುವಿನ ಜೊತೆ ಮಣ್ಣಿಗೆ ಹೋಗುವುದಿಲ್ಲ. ‘ಇನ್ನೊಂದು ಮಗು ಇದೆಯಲ್ಲ’ ಎಂಬ ಸಮಾಧಾನ ಯಾರ ಬಾಯಿಂದಲೂ ಬರಬಾರದು. ಅವನ ಹೆಸರು ಹೇಳಿ ಮಾತಾಡಿ. ತಾಯಂದಿರಿಗೆ ಹೆಸರು ಕೇಳಿದರೆ ನೋವಾಗುತ್ತದೆಂದು ಜನ ತಿಳಿದಿದ್ದಾರೆ, ಕೇಳದಿದ್ದರೇ ಹೆಚ್ಚು ನೋವು.

ನಿಮಗೂ ಬೇಸರ ಬರುತ್ತದೆ. ಪರೀಕ್ಷೆ ಬರುತ್ತದೆ, ಕೆಲಸ ಸಿಕ್ಕಿ ಬೆಂಗಳೂರಿಗೋ ದುಬೈಗೋ ಹೋಗುತ್ತೀರಿ, ಮದುವೆಯಾಗುತ್ತದೆ. ಹೋಗಿ, ಅದು ತಪ್ಪಲ್ಲ. ಹೋಗುವ ಮೊದಲು ನಿಮ್ಮ ಪಾಳಿಯನ್ನು ಯಾರ ಕೈಗೆ ಕೊಡುತ್ತೀರೆಂದು ಹೆಸರು ಹೇಳಿ ಹೋಗಿ. ಎರಡೂವರೆ ವರ್ಷ ಒಬ್ಬರೇ ಹೊರಲಾರಿರಿ, ಹೊರಲೂ ಬಾರದು.

ಬರುವ ಶನಿವಾರ ಸಂಜೆ ಐದಕ್ಕೆ ಸಂಘದ ಕೋಣೆಗೆ ಬನ್ನಿ. ಈ ವರ್ಷದ ಕ್ಯಾಲೆಂಡರು, ಮುಂದಿನ ವರ್ಷದ್ದು, ಅದರ ಮುಂದಿನ ವರ್ಷಕ್ಕೆ ಗೆರೆ ಹಾಕಿದ ಹಾಳೆ ನಾನು ತರುತ್ತೇನೆ. ಕಾರು ಓಡಿಸುವವರು ಮನೆಯವರ ಒಪ್ಪಿಗೆ ಕೇಳಿ ಬನ್ನಿ. ರಕ್ತದ ಗುಂಪು ಗೊತ್ತಿಲ್ಲದವರು ಅಷ್ಟರೊಳಗೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ.